ಕೆಂಪು ದಾರದ ರೈಫಲ್

ಆರ್ವಿಡ್ ನನ್ನ ಅಂಗಡಿಯಲ್ಲಿ ಕೂತದ್ದನ್ನು ನಾನು ಕಂಡೇ ಇಲ್ಲ. ಕುರ್ಚಿ ಎಳೆದುಕೊಟ್ಟರೆ ಅದರ ಬೆನ್ನು ಹಿಡಿದು ನಿಲ್ಲುತ್ತಾನೆ. ಕಾಫಿ ಕೊಟ್ಟರೆ ಲೋಟ ಹಿಡಿದುಕೊಂಡೇ ಓಡಾಡುತ್ತಾನೆ. ಲೂಯಿಸ್‌ಟೌನಿನ ಶಾಲೆಯಲ್ಲಿ ನನ್ನ ಜೊತೆ ಓದುವಾಗಲೂ ಹಾಗೇ ಇದ್ದ. ಆಮೇಲೆ ರೈಲು ಹಳಿ ನೋಡಿಕೊಂಡು ಮೈಲುಗಟ್ಟಲೆ ನಡೆಯುವ ಕೆಲಸ ಸಿಕ್ಕಿತು, ದೇವರೇ ಹುಡುಕಿ ಕೊಟ್ಟ ಹಾಗೆ. ನಿವೃತ್ತನಾದ ಮೇಲೆ ಆ ಕಾಲುಗಳ ಕಾಟವೆಲ್ಲ ನನ್ನ ಬಂದೂಕಿನ ಅಂಗಡಿಗೆ ಬಂತು.

ಅವನದು ಒಂದೇ ಪ್ರಶ್ನೆ.

“ಡೆಲ್ಫೀನ್, ಅದರ ಬೆಲೆ ಏರುತ್ತೇನೇ?”

‘ಅದು’ ಅವನ ಮಂಚದ ಕೆಳಗಿದ್ದ ರೈಫಲ್. ನಮ್ಮ ಮೊಂಟಾನಾ ರಾಜ್ಯಕ್ಕೆ ನೂರು ವರ್ಷ ತುಂಬಿದಾಗ ಯಾವುದೋ ಕಂಪನಿ ‘ಇಂತಿಷ್ಟೇ, ಇನ್ನು ಮಾಡುವುದಿಲ್ಲ’ ಎಂದು ಸಾರಿ ಮಾರಿದ್ದು. ಹಿಂಬದಿಯ ಮರಕ್ಕೆ ಹಿತ್ತಾಳೆಯ ತಗಡು, ತಗಡಿನಲ್ಲಿ ಕೊಂಬೆತ್ತಿ ನಿಂತ ಎಲ್ಕ್ ಜಿಂಕೆ. ಗುಂಡು ಏರಿಸಲು ಎಳೆಯುವ ಲಿವರಿಗೆ ಕೆಂಪು ದಾರ ಸುತ್ತಿ ಅರಗಿನ ಮೊಹರು ಒತ್ತಿದ್ದರು. ದಾರ ಕತ್ತರಿಸದೆ ಲಿವರ್ ಎಳೆಯುವಂತಿಲ್ಲ. ಕತ್ತರಿಸಿದರೆ ಅದು ಹತ್ತರ ಜೊತೆ ಹನ್ನೊಂದನೆಯ ರೈಫಲ್, ಅಷ್ಟೆ. ಇದಕ್ಕಾಗಿ ಆರ್ವಿಡ್ ತನ್ನ ಹೆಂಡತಿ ಸಿಗ್ನಿಯ ಬೇಟೆಯ ರೈಫಲನ್ನು ಬದಲಿಗೆ ಕೊಟ್ಟಿದ್ದ. ಆಗ ಅವಳೂ ಹೂಂ ಅಂದಿದ್ದಳು.

ಹೋದ ವರ್ಷ ಸಿಗ್ನಿಯ ನೋಟದ ನಡುಭಾಗ ಮಸುಕಾಗತೊಡಗಿತು. ಇದು ಹೆಚ್ಚುತ್ತಲೇ ಹೋಗುತ್ತದೆ ಎಂದರು ಡಾಕ್ಟರು. ಅವಳು ಅಳಲಿಲ್ಲ. ಕಣ್ಣಿರುವಾಗಲೇ ಇನ್ನೊಂದು ಎಲ್ಕ್ ಹೊಡೆಯಬೇಕು, ಆ ರೈಫಲ್ ತೆಗೆದುಕೊಡು ಎಂದಳು.

“ಈ ವರ್ಷ ಒಂದು ತಡಿ” ಅಂದ ಆರ್ವಿಡ್. “ಬೆಲೆ ಈಗ ಏರೋ ಹೊತ್ತು. ಮಾರಿದ್ರೆ ನಿನ್ನ ಕಣ್ಣಿನ ಖರ್ಚಿಗೇ ಆಗುತ್ತೆ.”

ನನ್ನ ಅಂಗಡಿಯಿಂದ ಒಂದು ಕೊಡುತ್ತೇನೆ ಬಾ ಎಂದು ನಾನು ಕರೆದೆ. ಸಿಗ್ನಿ ಸೊಟ್ಟ ಬಾಯಿ ಮಾಡಿದಳು. “ನಂದು ಕೊಟ್ಟು ತಂದಿದ್ದಾನೆ. ನಂಗೆ ಅದೇ ಬೇಕು. ನಿನ್ನ ಉಪಕಾರ ಯಾರಿಗೆ ಬೇಕೇ?” ಹಟದಲ್ಲಿ ಗಂಡ ಹೆಂಡತಿ ಒಬ್ಬರಿಗೊಬ್ಬರು ಕಡಿಮೆಯಿಲ್ಲ. ಆ ವರ್ಷದ ಬೇಟೆಯ ಕಾಲ ಹಾಗೇ ಮುಗಿಯಿತು.

ಈ ವರ್ಷ ಆರ್ವಿಡ್‌ಗೆ ರಾತ್ರಿ ನಿದ್ದೆಯಿಲ್ಲ. ಪೆಟ್ಟಿಗೆಗೆ ತೇವ ತಾಗೀತೆಂದು ಅದನ್ನು ಮಂಚದಡಿಯಿಂದ ಬೀರುವಿಗೆ, ಬೀರುವಿನಿಂದ ಅಟ್ಟಕ್ಕೆ ಸಾಗಿಸುತ್ತಾನೆ. ಬೆಳಗಾದರೆ ನನ್ನ ಬಾಗಿಲಲ್ಲಿ ಅದೇ ಪ್ರಶ್ನೆ. ಏರುವುದಿಲ್ಲ ಎಂದು ಎಷ್ಟು ಸಲ ಹೇಳಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಕೊನೆಗೆ ನನಗೆ ಮೈಯೆಲ್ಲ ಉರಿಯಿತು. ನವೆಂಬರಿನಲ್ಲಿ ಜಾತ್ರೆ ಮೈದಾನದ ಸಭಾಂಗಣದಲ್ಲಿ ಬಂದೂಕಿನ ಸಂತೆ ನಡೆದಾಗ, ಪೆಟ್ಟಿಗೆ ತಬ್ಬಿಕೊಂಡು ಬಂದವನ ತೋಳು ಹಿಡಿದು ಎಳೆದುಕೊಂಡು ಹೋದೆ.

“ನೋಡು. ಇಲ್ಲಿ ನೋಡು. ಅಲ್ಲೂ ನೋಡು.”

ಒಂದು ಮೇಜಿನ ಮೇಲೆ ಹಿತ್ತಾಳೆಯ ಎಲ್ಕ್, ಕೆಂಪು ದಾರ. ಮುಂದಿನ ಸಾಲಿನಲ್ಲೂ ಅದೇ. ಕಿಟಕಿಯ ಬಳಿ ಒಬ್ಬ ಮುದುಕ ಅಂಥವೇ ಮೂರು ಇಟ್ಟುಕೊಂಡು ತೂಕಡಿಸುತ್ತಿದ್ದ. ಒಂದರ ದಾರವೂ ಹರಿದಿರಲಿಲ್ಲ. ಜನ ಮುತ್ತಿಕೊಂಡದ್ದು ಮೂಲೆಯ ಮೇಜಿಗೆ. ಅಲ್ಲಿದ್ದದ್ದು ಯಾವುದೋ ದನದ ಕೊಟ್ಟಿಗೆಯಲ್ಲಿ ಬಿದ್ದಿದ್ದ, ಬಣ್ಣ ಹೋದ ಮಾಮೂಲಿ ರೈಫಲ್.

“ಅದಕ್ಯಾಕೆ ಅಷ್ಟು ಜನ?”

“ಅದನ್ನ ಎಲ್ರೂ ಬಳಸಿ ಹಾಳ್ಮಾಡಿದ್ರು, ಉಳಿದದ್ದು ಒಂದೆರಡು. ನಿಂದನ್ನ ಕೊಂಡೋರೆಲ್ಲ ನಿನ್ನಂಗೇ ಜೋಪಾನ ಮಾಡಿದ್ರು ಕಣೋ. ಒಂದೂ ಕಳೆದಿಲ್ಲ. ಇನ್ನೆಲ್ಲಿ ಅಪರೂಪ ಆಗುತ್ತೆ?”

ಆರ್ವಿಡ್ ಸಭಾಂಗಣದ ಸುತ್ತ ಒಬ್ಬನೇ ತಿರುಗಿದ, ಮತ್ತೆ ತಿರುಗಿದ. ಆಮೇಲೆ ಸಂತೆಯಲ್ಲಿ ನಾನೂ ಹಾಕಿದ್ದ ಮೇಜಿನ ಮೇಲಿದ್ದ ಕತ್ತರಿ ತೆಗೆದುಕೊಂಡು ಅಲ್ಲೇ, ಎಲ್ಲರೆದುರು, ದಾರ ಕತ್ತರಿಸಿದ. ತೂಕಡಿಸುತ್ತಿದ್ದ ಮುದುಕ ಎಚ್ಚೆತ್ತು “ಅಯ್ಯಯ್ಯೋ” ಅಂದ.

ಬೇಟೆಯ ಕಾಲದ ಕೊನೆಯ ಭಾನುವಾರ ಬೆಳಕು ಹರಿಯುವ ಹೊತ್ತಿಗೆ ನಾವು ಮೂವರೂ ಸ್ನೋಯಿ ಬೆಟ್ಟದ ತಪ್ಪಲಿನಲ್ಲಿದ್ದೆವು. ಆರ್ವಿಡ್ ದಾರಿಯುದ್ದಕ್ಕೂ ವಟಗುಟ್ಟಿದ, ಕೈಗವಸು ಹಾಕಿದ, ತೆಗೆದ. “ಬಾಯ್ಮುಚ್ಕೊಂಡು ನಡಿಯೋ, ಬೆಟ್ಟಾನೇ ಎಬ್ಬಿಸ್ತೀಯ” ಎಂದು ಸಿಗ್ನಿ ಗದರಿದಳು. ಅವಳ ಮುಖದಲ್ಲಿ ಇಪ್ಪತ್ತರ ಹುಡುಗಿಯ ಖುಷಿ ಇತ್ತು. ನನಗೂ ಸಂತೋಷವಾಗಿತ್ತು, ಸುಳ್ಳೇಕೆ ಹೇಳಲಿ.

ಪೈನ್ ಮರಗಳಾಚೆಯ ಬಯಲಿಗೆ ಒಂದು ಗಂಡು ಎಲ್ಕ್ ಬಂದು ನಿಂತಿತು. ಇಷ್ಟು ಹತ್ತಿರ ಬರುವುದು ಅಪರೂಪ. ಆರ್ವಿಡ್ ಅವಳ ಭುಜ ಮುಟ್ಟಿದ. ಸಿಗ್ನಿ ಅದನ್ನು ಓರೆಗಣ್ಣಿನಿಂದ ಕಂಡಳು, ತಲೆಯಾಡಿಸಿದಳು. ಲಿವರ್ ಎಳೆದು ಗುಂಡು ಏರಿಸಿ ರೈಫಲನ್ನು ಹೆಗಲಿಗೆ ಕೊಟ್ಟು ನೇರವಾಗಿ ನೋಡಿದಳು.

ಗುಂಡು ಹಾರಲಿಲ್ಲ. ಅವಳು ಮುಖ ಕೊಂಚ ಆಚೆ ತಿರುಗಿಸಿದಳು, ಮತ್ತೆ ನೇರಕ್ಕೆ ತಂದಳು. ಮತ್ತೆ ತಿರುಗಿಸಿದಳು. ಎಲ್ಕ್ ಅಲ್ಲೇ ನಿಂತಿತ್ತು, ಮೂಗಿನಿಂದ ಹಬೆ ಬಿಡುತ್ತ.

“ಹೊಡಿಯೇ” ಎಂದು ಆರ್ವಿಡ್ ಪಿಸುಗುಟ್ಟಿದ. “ಎದುರಿಗೇ ಇದೆ.”

“ಪಕ್ಕಕ್ಕೆ ತಿರುಗಿದ್ರೆ ಇದೆ” ಎಂದಳು ಸಿಗ್ನಿ. “ಅದನ್ನೇ ನೋಡಿದ್ರೆ ಇಲ್ಲ.”

ರೈಫಲ್ ಇಳಿಸಿ ಗುಂಡು ತೆಗೆದು ಅವನ ಕೈಗೆ ಕೊಟ್ಟಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ.

“ಹೋದ ವರ್ಷ ಕಾಣ್ತಿತ್ತು ಕಣೋ, ಆರ್ವಿಡ್.”

ಅವನು ಅಲ್ಲೇ ಹಿಮದ ಮೇಲೆ ಕೂತುಬಿಟ್ಟ.