ರೋವರನ ಮೂತ್ರ ತೆಗೆಯುತ್ತಿದ್ದವರು ಯಾರು

ಕಾನ್ವೆಂಟಿನಲ್ಲಿ ಯಾರಾದರೂ ಮಾಟ, ಭೂತ ಎಂದರೆ ನಮ್ಮ ಸಿಸ್ಟರ್ “ಸೂಪರ್‌ಸ್ಟಿಷನ್, ಗರ್ಲ್ಸ್!” ಎಂದು ಮೇಜು ಕುಟ್ಟುತ್ತಿದ್ದರು. ನಾನೂ ಹಾಗೆಯೇ ಬೆಳೆದೆ. ಅಂಥ ಕಥೆ ಹೇಳುವವರನ್ನು ಕಂಡರೆ, ಇವರು ಏನನ್ನೋ ಮುಚ್ಚಿಡುತ್ತಿದ್ದಾರೆ ಅನ್ನುವುದೇ ನನ್ನ ಮೊದಲ ಯೋಚನೆ. ಈಗ ನಾನೇ ಹೇಳಲು ಕೂತಿದ್ದೇನೆ, ಅದೂ ಒಂದು ನಾಯಿಯ ಮೂತ್ರದ ಕಥೆಯನ್ನು. ನೀವು ನನ್ನನ್ನು ಸಂಶಯದಿಂದ ನೋಡಿದರೆ ನನಗೆ ಬೇಸರವಿಲ್ಲ.

ಐವತ್ತರ ದಶಕದ ಕೊನೆಯ ಮಾತು. ಬಿಜೈಯಲ್ಲಿ ನಮ್ಮ ಹಂಚಿನ ಮನೆ. ಪಪ್ಪ ಬಂದರಿನ ಒಂದು ಅಂಗಡಿಯಲ್ಲಿ ಗುಮಾಸ್ತರು. ನಾನು ಕಾವೂರಿನ ಕಡೆ ಒಂದು ಶಾಲೆಯಲ್ಲಿ ಹೊಸದಾಗಿ ಟೀಚರ್. ಹಗಲಲ್ಲಿ ಮನೆಯಲ್ಲಿರುತ್ತಿದ್ದವರು ಮಮ್ಮಿ ಮತ್ತು ರೋವರ್ ಇಬ್ಬರೇ. ರೋವರ್ ನಮ್ಮ ಕಂದು ಬಣ್ಣದ ದೊಡ್ಡ ನಾಯಿ. ನಾನು ಲಂಗ ಹಾಕುತ್ತಿದ್ದಾಗಿನಿಂದ ನನ್ನ ಜೊತೆಗಿದ್ದವನು.

ಒಂದು ದಿನ ಬೆಕ್ಕನ್ನು ಅಟ್ಟಿಸಿಕೊಂಡು ಹೋಗಿ ಕಂಪೌಂಡ್ ಗೋಡೆಯಿಂದ ಬಿದ್ದ. ಹಿಂಗಾಲು ಎರಡೂ ಏಳಲಿಲ್ಲ, ಬಾಲ ಹಗ್ಗದಂತೆ ಜೋತುಬಿತ್ತು. ಎರಡು ದಿನ ಮೂತ್ರವೂ ಇಲ್ಲ. ಮೂರನೆಯ ದಿನ ಅವನು ಮಲಗಿದ್ದ ಗೋಣಿಚೀಲ ಒದ್ದೆಯಾಗಿರುವುದನ್ನು ಕಂಡು ನಾನೂ ಮಮ್ಮಿಯೂ “ಥ್ಯಾಂಕ್ ಗಾಡ್” ಎಂದು ಶಿಲುಬೆಯ ಗುರುತು ಹಾಕಿಕೊಂಡೆವು.

ದನದ ಆಸ್ಪತ್ರೆಯ ಮುದಿ ಡಾಕ್ಟರು ಅವನ ಹೊಟ್ಟೆ ಮುಟ್ಟಿ ನೋಡಿ ನಮ್ಮ ಖುಷಿಗೆ ನೀರು ಸುರಿದರು. “ಇದು ಮೂತ್ರ ಮಾಡಿದ್ದಲ್ಲ, ತುಂಬಿ ತುಳುಕಿದ್ದು. ಬೆನ್ನಿನ ನರ್ವ್ ಸತ್ತಿದೆ. ಮೂತ್ರದ ಚೀಲ ತುಂಬಿದ್ದು ಇವನಿಗೆ ಗೊತ್ತೇ ಆಗ್ಲಿಕ್ಕಿಲ್ಲ.” ಬಂದರಿನ ಒಬ್ಬ ಸಾಹುಕಾರರ ಜಟ್ಕಾ ಕುದುರೆಗೂ ಹೀಗೆಯೇ ಆಗಿತ್ತಂತೆ. ಬಾಲ ಸತ್ತು, ಹಿಂಗಾಲಿನ ಮೇಲೆ ಮೂತ್ರ ಹರಿದು ಚರ್ಮ ಬೆಂದಿತ್ತು. ಮೂತ್ರ ಹೋಗುತ್ತಿದೆಯಲ್ಲ ಎಂದು ಮನೆಯವರು ನಿಶ್ಚಿಂತೆಯಿಂದಿದ್ದರು. ಕುದುರೆ ಉಳಿಯಲಿಲ್ಲ.

ಡಾಕ್ಟರು ನನ್ನ ಎರಡೂ ಅಂಗೈಗಳನ್ನು ರೋವರನ ಕಿಬ್ಬೊಟ್ಟೆಯ ಆಚೀಚೆ ಇಡಿಸಿ, ಒಳಗೆ ಮೂಸಂಬಿಯಷ್ಟು ಗಟ್ಟಿಯಾಗಿದ್ದ ಚೀಲವನ್ನು ಮೆಲ್ಲಗೆ ಒತ್ತಿ ಖಾಲಿಮಾಡುವುದನ್ನು ಕಲಿಸಿದರು. ದಿನಕ್ಕೆ ಮೂರು ಸಲ ತೆಗೆಯಲೇಬೇಕು. ಅಭ್ಯಾಸವಿಲ್ಲದವರು ಮುಟ್ಟಿದರೆ ಚೀಲ ಒಡೆದೀತು. ಮೂತ್ರ ಆಗಲೇ ಮಡ್ಡಿಯಾಗಿತ್ತು. “ಹದಿನೈದು ದಿನದಲ್ಲಿ ತಿಳಿಯಾಗದಿದ್ದರೆ ಇಂಜೆಕ್ಷನ್ ಕೊಟ್ಟು ಶಾಶ್ವತವಾಗಿ ಮಲಗಿಸುವ” ಎಂದರು. ಪಪ್ಪ ಒಪ್ಪಿಕೊಂಡರು.

ಬೆಳಿಗ್ಗೆ ಆರಕ್ಕೆ, ಸಂಜೆ ಐದಕ್ಕೆ ನಾನಿದ್ದೆ. ಮಧ್ಯಾಹ್ನಕ್ಕೆ ಯಾರು? ಕಾವೂರಿನಿಂದ ಬಂದುಹೋಗುವಷ್ಟು ಬಸ್ಸುಗಳಿರಲಿಲ್ಲ. ಮಮ್ಮಿಯ ಮಣಿಕಟ್ಟು ವಾತದಿಂದ ಊದಿ, ತೆಂಗಿನಕಾಯಿ ತುರಿಯಲೂ ಆಗುತ್ತಿರಲಿಲ್ಲ. ಆ ಒಂದು ಹೊತ್ತು ತಪ್ಪಿದ್ದಕ್ಕೇ ನನ್ನ ರೋವರ್ ಸಾಯುತ್ತಾನೆ ಎಂದು ನಾನು ಬಸ್ಸಿನಲ್ಲಿ ಅಳುತ್ತಿದ್ದೆ.

ಐದನೆಯ ದಿನ ಸಂಜೆ ಕೈಯಿಟ್ಟರೆ ಚೀಲ ಮೆತ್ತಗಿತ್ತು. ಗೋಣಿ ಒಣಗಿಯೇ ಇತ್ತು. ನಾನು ತೊಳೆದು ಕವುಚಿಟ್ಟು ಹೋಗಿದ್ದ ಇನಾಮೆಲ್ ಬೇಸಿನ್ ನೆಟ್ಟಗಿತ್ತು, ಅದರಲ್ಲಿ ಮೂತ್ರವಿತ್ತು. ಮಮ್ಮಿ ತಾನಲ್ಲ ಎಂದು ಆಣೆ ಹಾಕಿದರು. ಮರುದಿನವೂ ಹಾಗೆಯೇ. ಅದರ ಮರುದಿನ ರೋವರನ ಕಿಬ್ಬೊಟ್ಟೆಯ ಕೂದಲಲ್ಲಿ ಎರಡು ಮೀನಿನ ಹುರುಪೆ ಅಂಟಿದ್ದು ಕಂಡೆ. ನನಗೆ ಅಷ್ಟು ಸಾಕಾಯಿತು.

ನಮಗೆ ಮೀನು ತರುತ್ತಿದ್ದವಳು ಬಂದರಿನ ಗಿರಿಜಕ್ಕ. ಹತ್ತು ಗಂಟೆಗೆ ಹಿಂದಿನ ಜಗಲಿಯಲ್ಲಿ ಬುಟ್ಟಿ ಇಳಿಸುತ್ತಿದ್ದಳು. ಮಮ್ಮಿ ಮೀನು ಒಳಗಿಟ್ಟು ಬರುವಷ್ಟರಲ್ಲಿ ಅಲ್ಲೇ ಕೂತು ಎಲೆಅಡಿಕೆ ಹಾಕುತ್ತಿದ್ದಳು. ರೋವರ್ ಮಲಗುತ್ತಿದ್ದದ್ದೂ ಅಲ್ಲೇ. ಶಾಲೆಗೆ ಅರ್ಧ ದಿನ ರಜೆ ಹಾಕಿ ಅವಳನ್ನು ಕಾದೆ.

“ಗಿರಿಜಕ್ಕ, ನಾಯಿಯ ಹೊಟ್ಟೆ ಒತ್ತಿದ್ದು ನೀವಾ?”

“ಎಂತ ಮಾರಾಯ್ತಿ ಬಾಯಮ್ಮ! ಬಂಗುಡೆಯ ಹೊಟ್ಟೆ ಒತ್ತಿದರೆ ಮೊಟ್ಟೆ ಉಂಟಾ ಇಲ್ವಾ ಗೊತ್ತಾಗ್ತದೆ. ನಾಯಿಯದ್ದು ಒತ್ತಿ ನನಗೆ ಎಂತ ಸಿಗ್ಲಿಕ್ಕುಂಟು?”

“ಸುಳ್ಳು ಹೇಳ್ಬೇಡಿ. ಹುರುಪೆ ನೋಡಿದ್ದೇನೆ. ಚೀಲ ಒಡೆದರೆ ಅವನು ಸಾಯ್ತಾನೆ, ಗೊತ್ತುಂಟಾ ನಿಮಗೆ?”

ಅವಳ ನಗು ನಿಂತಿತು. “ಅವನಿಗೆ ಮೀನಿನ ತಲೆ ಹಾಕ್ತೇನೆ, ಬೆನ್ನು ಸವರ್ತೇನೆ. ಅಷ್ಟೇ. ನೀವು ಹುಟ್ಟುವ ಮೊದಲಿಂದ ಈ ಮನೆಗೆ ಬರ್ತಿದ್ದೇನೆ, ಸುಳ್ಳಿ ಅಂತ ಯಾರೂ ಹೇಳ್ಲಿಲ್ಲ.” ಬುಟ್ಟಿಯನ್ನು ತಾನೇ ತಲೆಗೇರಿಸಿಕೊಂಡು ಹೋದಳು. ಮತ್ತೆ ಬರಲಿಲ್ಲ. ಮಮ್ಮಿ ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಆ ಎರಡು ದಿನವೂ ಸಂಜೆ ಚೀಲ ಮೆತ್ತಗೇ ಇತ್ತು.

ಶನಿವಾರ ನಾನು ಶಾಲೆಗೆ ಹೋಗಲಿಲ್ಲ. ಗೇಟಿಗೆ ಬೀಗ ಹಾಕಿ, ಜಗಲಿಯಲ್ಲಿ ರೋವರನಿಂದ ನಾಲ್ಕು ಮಾರು ದೂರ ಕುರ್ಚಿ ಹಾಕಿ ಕೂತೆ. ಮಮ್ಮಿ ಅಡುಗೆಮನೆಯಲ್ಲಿ ಜಪಸರ ಹೇಳುತ್ತಿದ್ದದ್ದು ಕೇಳುತ್ತಿತ್ತು. ಹನ್ನೊಂದೂವರೆಯ ಹೊತ್ತು, ಅಂಗಳದಲ್ಲಿ ಕಣ್ಣು ಕುಕ್ಕುವ ಬಿಸಿಲು. ಬೇಸಿನ್ ಅನ್ನು ನಾನೇ ಅವನ ಕೆಳಗೆ ಇಟ್ಟಿದ್ದೆ.

ರೋವರ್ ತಲೆಯೆತ್ತಿ, ಕಿವಿ ಹಿಂದಕ್ಕೆ ಮಡಚಿ, ತುಟಿ ನೆಕ್ಕಿಕೊಂಡ. ನಾನು ಒತ್ತಲು ಕೂತಾಗ ಅವನು ಹಾಗೆ ಮಾಡುತ್ತಿದ್ದ. ಆಮೇಲೆ ಅವನ ಕಿಬ್ಬೊಟ್ಟೆ ಎರಡೂ ಬದಿಯಿಂದ ಮೆಲ್ಲಗೆ ಒಳಕ್ಕೆ ಹೋಯಿತು. ಕೂದಲು ತಗ್ಗಿ ಎರಡು ಗುಳಿ ಬಿದ್ದವು. ಬೇಸಿನ್ನಿಗೆ ಮೂತ್ರ ಬೀಳುವ ಸದ್ದು, ನಿಂತಿತು, ಮತ್ತೆ ಗುಳಿ, ಮತ್ತೆ ಸದ್ದು. ಅಲ್ಲಿ ಯಾರೂ ಇರಲಿಲ್ಲ. ಮುಗಿದ ಮೇಲೆ ರೋವರ್ ನಿಟ್ಟುಸಿರಿಟ್ಟು ತಲೆ ಕೆಳಗಿಟ್ಟ.

ಹದಿನೈದನೆಯ ದಿನ ಮೂತ್ರ ತಿಳಿಯಾಗಿತ್ತು. ಇಂಜೆಕ್ಷನ್ ಬೇಡವೆಂದರು ಡಾಕ್ಟರು. ಒಮ್ಮೊಮ್ಮೆ ಬ್ಲಾಡರ್ ತಾನಾಗಿ ಹಿಂಡಿಕೊಳ್ಳಲು ಕಲಿಯುವುದುಂಟು, ರಿಫ್ಲೆಕ್ಸ್ ಎಂದರು. ಪರೀಕ್ಷಿಸಿ ನೋಡಿ, ಇವನಲ್ಲಿ ಅದರ ಲಕ್ಷಣ ಕಾಣುವುದಿಲ್ಲವಲ್ಲ ಎಂದೂ ಅವರೇ ಹೇಳಿದರು. ಸರಿ, ರಿಫ್ಲೆಕ್ಸೇ ಇರಲಿ. ಅದು ಕವುಚಿಟ್ಟ ಬೇಸಿನ್ ಎತ್ತಿಡುತ್ತದೆಯೇ?

ಬೇಸಿಗೆ ರಜೆಯವರೆಗೂ ಹಾಗೆಯೇ ನಡೆಯಿತು. ರಜೆಯಲ್ಲಿ ಮಧ್ಯಾಹ್ನಕ್ಕೂ ಒತ್ತಲು ನಾನೇ ಇದ್ದೆ, ಅದು ಮತ್ತೆ ಆಗಲಿಲ್ಲ. ಶಾಲೆ ತೆರೆಯುವ ಮುಂಚೆ ರೋವರ್ ಅದೇ ಜಗಲಿಯಲ್ಲಿ, ನಿದ್ದೆಯಲ್ಲಿ, ನೋವಿಲ್ಲದೆ ಹೋದ.

ಅವನನ್ನು ಮಣ್ಣುಮಾಡಿದ ಮರುದಿನ ನಾನು ಬಂದರಿಗೆ ಹೋಗಿ ಗಿರಿಜಕ್ಕನನ್ನು ಹುಡುಕಿದೆ. ಅವಳು ಮಾರ್ಕೆಟ್ಟಿನ ಕಟ್ಟೆಯ ಮೇಲೆ ಮೀನು ರಾಶಿ ಹಾಕುತ್ತಿದ್ದಳು. ಎಲ್ಲವನ್ನೂ ಹೇಳಿ ತಪ್ಪಾಯಿತೆಂದೆ. ಬಿಸಿಲಲ್ಲಿ ಕಂಡದ್ದನ್ನೂ ಹೇಳಿದೆ. ಅವಳು ಹೆದರಲೂ ಇಲ್ಲ, ಆಶ್ಚರ್ಯಪಡಲೂ ಇಲ್ಲ. “ಹೋಗ್ಲಿ ಬಾಯಮ್ಮ. ನಾಳೆ ಬರ್ತೇನೆ, ನಿಮ್ಮ ಅಮ್ಮನಿಗೆ ಹೇಳಿ” ಎಂದಳು. ನನಗೆ ಎದೆ ಹಗುರಾಗಬೇಕಿತ್ತು. ಆದರೆ ಮಾತಿನುದ್ದಕ್ಕೂ ನನ್ನ ಕಣ್ಣು ಅವಳ ಅಂಗೈಗಳ ಮೇಲೆಯೇ ಇತ್ತು. ಅದು ಅವಳಿಗೆ ಗೊತ್ತಾಯಿತು. ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ನೊಂದು ಹಾಗೆ ಮಾಡಿದಳೋ, ಮುಚ್ಚಿಡಲಿಕ್ಕೋ, ಇವತ್ತಿಗೂ ನನಗೆ ಗೊತ್ತಿಲ್ಲ.