ಆಕಾಶ ತೋರಿಸಿದ ಲೋಟ

ಗುಡೇಕೋಟೆ ಹತ್ತಿರದ ನಮ್ಮೂರ ಮನೆಗೆ ಕಳೆದ ವಾರ ಸುಣ್ಣ ಹೊಡೆಸುವಾಗ, ಹೊರಗಟ್ಟೆಯ ಗೋಡೆಗೂಡಿನಲ್ಲಿ ಒಂದು ಗಾಜಿನ ಲೋಟ ಸಿಕ್ಕಿತು. ಅಂಚು ಚೂರು ಒಡೆದಿತ್ತು, ಒಳಗೆ ಜೇಡರ ಬಲೆ. ಸುಣ್ಣದ ಹುಡುಗಿ ಅದನ್ನು ಎಸೆಯಲು ಹೊರಟಾಗ ಕಿತ್ತುಕೊಂಡೆ.

ನಾನು ಏಳನೇ ತರಗತಿಯಲ್ಲಿದ್ದಾಗ ವಿಜ್ಞಾನಕ್ಕೆ ಹೊಸ ಮೇಷ್ಟ್ರು ಬಂದಿದ್ದರು, ಹರಪನಹಳ್ಳಿ ಕಡೆಯವರು. ಆಕಾಶ ಯಾಕೆ ನೀಲಿ ಎಂದು ಕೇಳಿದ್ದಕ್ಕೆ, ನಾಳೆ ಒಂದು ಗಾಜಿನ ಲೋಟ ತಾ ಎಂದರು. ಅಜ್ಜಿ ನೆಂಟರಿಗೆಂದು ಎತ್ತಿಟ್ಟಿದ್ದ ಲೋಟವನ್ನೇ ಒಯ್ದೆ. ಕಿಟಕಿ ಮುಚ್ಚಿಸಿ, ನೀರಿಗೆ ನಾಲ್ಕು ಹನಿ ಹಾಲು ಬಿಟ್ಟು, ಮೇಷ್ಟ್ರು ಬ್ಯಾಟರಿಯ ಬೆಳಕು ಹಿಡಿದರು. ಪಕ್ಕದಲ್ಲಿ ನಿಂತ ನಮಗೆ ನೀರು ತಿಳಿನೀಲಿಯಾಗಿ ಕಂಡಿತು!

"ಬಿಸಿಲಿನ್ಯಾಗ ಎಲ್ಲಾ ಬಣ್ಣ ಅದಾವ. ಗಾಳಿಯ ಸಣ್ಣ ಸಣ್ಣ ಕಣಕ್ಕ ಬಡದು ನೀಲಿ ಜಾಸ್ತಿ ಚೆದುರತೈತಿ. ಅದಕ್ಕ ಯಾವ ಕಡೆ ನೋಡಿದ್ರೂ ನೀಲಿನ ಕಾಣತೈತಿ," ಎಂದರು. ಆಮೇಲೆ ನಕ್ಕು, "ನಮ್ಮ ಕೇರ್ಯಾಗಿನ ಬಾವುಟನೂ ನೀಲಿನ. ಆಕಾಶದ ಕೆಳಗ ಎಲ್ಲಾರೂ ಒಂದ ಅಂತ," ಎಂದರು.

ಸಂಜೆ ಅದನ್ನೆಲ್ಲ ಅಜ್ಜಿಗೆ ಒಪ್ಪಿಸಿದೆ. ಹಾಲು, ಬ್ಯಾಟರಿ, ಬಾವುಟ... ಎಷ್ಟು ಹೆಮ್ಮೆ ನನಗೆ!

"ಹಂಗಾರ ಆ ಮೇಷ್ಟ್ರು ಕೇರಿಯವ್ರೇನು?" ಎಂದಳು ಅಜ್ಜಿ.

ಅಷ್ಟೇ. ಪಾಠದಲ್ಲಿ ಅವಳ ಕಿವಿಗೆ ಬಿದ್ದದ್ದು ಅದೊಂದೇ. ಮೇಷ್ಟ್ರು ಮುಟ್ಟಿದ ನೆಂಟರ ಲೋಟ ಮತ್ತೆ ಒಳಗೆ ಬರಲಿಲ್ಲ, ಹೊರಗಿನ ಗೂಡು ಸೇರಿತು. ಅವ್ವ ಬಾಯಿ ಬಿಡಲಿಲ್ಲ, ಅಪ್ಪ ಕೇಳಿಸದವನಂತೆ ಕೂತ. ಅವರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ವರ್ಷದ ಕೊನೆಗೆ ಅಪ್ಪ ನನ್ನ ಓದು ಬಿಡಿಸಲು ಹೊರಟ. ಸುದ್ದಿ ತಿಳಿದು ಮೇಷ್ಟ್ರೇ ಮನೆಗೆ ಬಂದರು. ನಮ್ಮ ಮನೆಯವರು ಅವರನ್ನು ಹೊರಗಟ್ಟೆಯ ಮೇಲೆ ಕೂರಿಸಿ, ಅದೇ ಲೋಟದಲ್ಲಿ ಚಹಾ ಕೊಟ್ಟರು. ಲೋಟವನ್ನು ಮೇಷ್ಟ್ರು ತಿರುಗಿಸಿ ನೋಡಿದರು... ಗುರುತು ಸಿಕ್ಕಿತು. ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಕುಡಿಯುತ್ತಲೇ, "ಹುಡುಗಿ ಶ್ಯಾಣ್ಯಾಕಿ ಅದಾಳ. ಕೂಡ್ಲಿಗಿ ಹೈಸ್ಕೂಲಿಗೆ ಕಳಸ್ರಿ," ಎಂದು ಅಪ್ಪನಿಗೆ ಮತ್ತೆ ಮತ್ತೆ ಹೇಳಿದರು. ಅಪ್ಪ ಹೂಂ ಎಂದ ಮೇಲೆಯೇ ಎದ್ದರು. ತಾವೇ ಲೋಟ ತೊಳೆದು ಗೂಡಿನಲ್ಲಿಟ್ಟರು. ತೊಳೆಯಬೇಡಿ ಎಂದು ನಮ್ಮ ಮನೆಯ ಒಬ್ಬರೂ ಹೇಳಲಿಲ್ಲ!

ಹೋಗುವಾಗ ನನ್ನನ್ನು ಕೇಳಿದರು: "ಆಕಾಶ ಯಾಕ ನೀಲಿ, ನೆನಪೈತೇನು?"

ನಾನು ತಲೆ ತಗ್ಗಿಸಿಕೊಂಡು ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತ ನಿಂತೆ. ಬಾವುಟದ ಮಾತು ಮನೆಗೆ ತಂದವಳು ನಾನೇ ಅಲ್ಲವೇ?

ಕೂಡ್ಲಿಗಿಯಲ್ಲಿ ಓದಿದೆ, ಕೆಲಸ ಹಿಡಿದೆ. ಮೇಷ್ಟ್ರಿಗೆ ಇಟ್ಟಿಗಿ ಕಡೆಗೆ ವರ್ಗವಾಯಿತು. ಒಮ್ಮೆ ಹೋಗಿ ತಪ್ಪಾಯಿತು ಎನ್ನಬೇಕು ಅಂದುಕೊಳ್ಳುತ್ತಲೇ ವರ್ಷಗಳು ಕಳೆದವು. ಎರಡು ವರ್ಷದ ಹಿಂದೆ ಅವರು ತೀರಿಹೋದ ಸುದ್ದಿ ಬಂತು...

ಸುಣ್ಣ ಹೊಡೆಸಿದ ದಿನವೇ ಲೋಟ ತೊಳೆದು, ನೀರು ತುಂಬಿಕೊಂಡು ಅಡುಗೆಮನೆಗೆ ಹೋದೆ.

"ಅಯ್ಯ, ಅದನ್ನ್ಯಾಕ ಒಳಗ ತಂದಿ? ಅದು ಹೊರಗಿನ ಗ್ಲಾಸು," ಎಂದಳು ಅವ್ವ.

"ಯಾಕ ಹೊರಗಿಂದು?" ಎಂದೆ.

ಅವ್ವ ಒಲೆಯ ಕಡೆ ತಿರುಗಿದಳು. "ಯಾಕೋ ಏನೋ... ಮೊದ್ಲಿಂದ ಹಂಗ ಐತಿ."

ಅವಳೆದುರೇ ಪೂರ್ತಿ ನೀರು ಕುಡಿದು, ಲೋಟವನ್ನು ನೆಂಟರ ಲೋಟಗಳ ಸಾಲಿನಲ್ಲಿಟ್ಟೆ. ನೋಡಬೇಕಾಗಿದ್ದ ಮೇಷ್ಟ್ರು ಈಗಿಲ್ಲ.