ಹಿಂದಿನಿಂದ ಕರೆಯದ ಅಂಗಡಿ

ಹಳೇ ಸಾಮಾನಿನ ಬೀದಿಯಲ್ಲಿ ಅವಳಿಗೆ ಅರ್ಧರೇಟಿನಕ್ಕ ಎಂದು ಹೆಸರು. ಎದುರಿಗೆ ಬರೀ ಅಕ್ಕ, ಬೆನ್ನು ತಿರುಗಿದ ಮೇಲೆ ಪೂರ್ತಿ ಹೆಸರು. ಅವಳಿಗೆ ಅದು ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಪೂರ್ತಿ ರೇಟಿನಕ್ಕ ಅನ್ನಿಸಿಕೊಳ್ಳುವುದಕ್ಕಿಂತ ವಾಸಿ ಎಂದು ತಂಗಿಯ ಹತ್ತಿರ ಹೇಳಿ ನಗುತ್ತಿದ್ದಳು.

ಸಾಮಾನನ್ನು ಎತ್ತಿ ಬೆಳಕಿಗೆ ಹಿಡಿಯುವುದು, ಇಲ್ಲದ ಹುಳುಕು ಹುಡುಕಿ ಮೂಗು ಮುರಿಯುವುದು, ಒಂದು ಬೆಲೆ ಕೇಳುವುದು ಎಲ್ಲರಿಗೂ ಬರುತ್ತದೆ. ಅಂಗಡಿಯವನು ಆ ಬೆಲೆಗೆ ಹೂಂ ಅಂದ ಮೇಲೆ ಸಾಮಾನನ್ನು ಕೆಳಗಿಟ್ಟು ಹೊರಟುಬಿಡುವುದು ಅವಳೊಬ್ಬಳಿಗೇ ಬರುತ್ತಿತ್ತು. ಹೂಂ ಅಂದವನು ಮನಸ್ಸಿನಲ್ಲಿ ಆಗಲೇ ಮಾರಿಬಿಟ್ಟಿರುತ್ತಾನೆ, ಮಾರಿದ ಸಾಮಾನು ಕಣ್ಣೆದುರಿಗೇ ಉಳಿದರೆ ಅವನಿಗೆ ತಡೆಯುವುದಿಲ್ಲ, ಹಿಂದಿನಿಂದ ಕರೆದೇ ಕರೆಯುತ್ತಾನೆ ಎಂಬುದು ಅವಳ ಲೆಕ್ಕ. ಮೊದಲ ಕರೆಗೆ ತಿರುಗಬಾರದು. ಎರಡನೆಯದಕ್ಕೆ ನಡಿಗೆ ನಿಧಾನ ಮಾಡಬಹುದು. ಮೂರನೆಯ ಕರೆಯಲ್ಲಿ ಬೆಲೆ ತಾನಾಗಿ ಇಳಿದಿರುತ್ತದೆ.

ಸೈಕಲ್ ಅಂಗಡಿಯ ಮೇಲಿನ ಅಕ್ಕತಂಗಿಯರ ಒಂದೂವರೆ ಕೋಣೆಯ ಮನೆ ತುಂಬಿದ್ದು ಹೀಗೆಯೇ. ಅಪ್ಪ ಅಮ್ಮ ಬೇಗ ಹೋದಾಗ ತಂಗಿಗೆ ಇನ್ನೂ ತನ್ನ ಜಡೆ ತಾನು ಹೆಣೆದುಕೊಳ್ಳಲು ಬರುತ್ತಿರಲಿಲ್ಲ. ಎಳವೆಯ ಜ್ವರದಲ್ಲಿ ಅವಳ ಎಡಗಾಲು ಸೊರಗಿತ್ತು. ಸ್ವಲ್ಪ ಹೊತ್ತು ನಿಂತರೂ ಮಂಡಿ ಕುಸಿಯುತ್ತಿತ್ತು. ಇವಳಿಗೆ ಕೂತು ಮಾಡುವ ಕೆಲಸ ಬೇಕು, ಅದೂ ಮನೆಯಲ್ಲೇ ಬೇಕು ಎಂದು ಅಕ್ಕ ಅಂದೇ ತೀರ್ಮಾನ ಮಾಡಿದ್ದಳು. ಕೆಲವು ವರ್ಷಗಳ ಮೇಲೆ, ಮುಚ್ಚುತ್ತಿದ್ದ ಒಂದು ಅಂಗಡಿಯಿಂದ ಸ್ವೆಟರ್ ಹೆಣೆಯುವ ಮೆಷಿನ್ ತಂದಳು. ಆ ಸಲ ಅವಳು ಬೀದಿಯ ಕೊನೆಯವರೆಗೂ ನಡೆದಿದ್ದಳಂತೆ. ಅಂಗಡಿಯವನು ಚಪ್ಪಲಿ ಕೂಡ ಮೆಟ್ಟದೆ ಓಡಿ ಬಂದಿದ್ದನಂತೆ. ಮನೆಗೆ ಯಾರೇ ಬಂದರೂ ಈ ಕಥೆ ಕೇಳದೆ ಹೋಗುವ ಹಾಗಿರಲಿಲ್ಲ, ಮತ್ತು ಪ್ರತಿ ಸಲವೂ ಬೀದಿ ಸ್ವಲ್ಪ ಉದ್ದವಾಗುತ್ತಿತ್ತು.

ಮೇಜಿನ ಉದ್ದಕ್ಕೂ ಕೊಕ್ಕೆ ಸೂಜಿಗಳ ಸಾಲು. ಅದರ ಮೇಲೆ ಕೈಯಿಂದ ಆಚೆಗೂ ಈಚೆಗೂ ತಳ್ಳುವ ಒಂದು ಭಾಗ. ಇಬ್ಬರೂ ಅದನ್ನು ಗಾಡಿ ಅನ್ನುತ್ತಿದ್ದರು. ಗಾಡಿ ಒಮ್ಮೆ ಹಾದರೆ ಒಂದು ಸಾಲು ಹೆಣಿಗೆ. ಬೆಳಗಿನಿಂದ ಆ ಝರ್ ಎಂಬ ಸದ್ದು ಕೆಳಗಿನ ಸೈಕಲ್ ಅಂಗಡಿಯವರೆಗೂ ಇಳಿಯುತ್ತಿತ್ತು. ಊರಿನ ಶಾಲೆಯ ಕಡುಹಸಿರು ಸ್ವೆಟರುಗಳೆಲ್ಲ ತಂಗಿಯ ಕೈಯಿಂದಲೇ ಹೋಗುತ್ತಿದ್ದವು. ಅಕ್ಕ ನೂಲು ತರುವವಳು, ಸ್ವೆಟರ್ ಮುಟ್ಟಿಸುವವಳು, ಹಣ ವಸೂಲಿ ಮಾಡುವವಳು. ತಂಗಿ ಹೆಚ್ಚು ಮಾತಿನವಳಲ್ಲ. ನನ್ನ ಪಾಲಿನದನ್ನೂ ಅಕ್ಕನೇ ಆಡಿ ಮುಗಿಸುತ್ತಾಳೆ, ನನಗೇನು ಉಳಿಯುತ್ತೆ ಎನ್ನುತ್ತಿದ್ದಳು.

ಆ ವರ್ಷ ಶಾಲೆಯ ಕೆಲಸ ಅರ್ಧ ಆಗಿದ್ದಾಗ ಗಾಡಿಯೊಳಗೆ ಏನೋ ಸಿಡಿಯಿತು. ಹಳೇ ಮೆಷಿನ್ನುಗಳ ರಿಪೇರಿಯವನು ಬಿಚ್ಚಿ ನೋಡಿದ. ಒಳಗಿನ ತುಂಡು ಹಳೆಯದಾಗಿ ಎರಡು ಹೋಳಾಗಿತ್ತು. ಅಂಟು ಹಚ್ಚಿ ತಂತಿ ಬಿಗಿದದ್ದು ಮಧ್ಯಾಹ್ನದವರೆಗೂ ನಿಲ್ಲಲಿಲ್ಲ. ಈ ಮೆಷಿನ್ ಮಾಡುತ್ತಿದ್ದ ಕಂಪನಿ ಮುಚ್ಚುವಾಗ ನನಗಿನ್ನೂ ಮೀಸೆ ಬಂದಿರಲಿಲ್ಲ, ಬೇರೆ ಮೆಷಿನ್ನಿನ ಗಾಡಿ ಇದಕ್ಕೆ ಕೂರುವುದಿಲ್ಲ, ಇಂಟರ್ನೆಟ್ ಹರಾಜಿನಲ್ಲಿ ಅಪರೂಪಕ್ಕೆ ಬರುತ್ತದೆ ಎಂದ. ತನ್ನ ಅಂಗಡಿಗೆ ಬೇಕಾದ ಹಳೇ ಬಿಡಿಭಾಗಗಳನ್ನೆಲ್ಲ ಅವನು ಅಲ್ಲಿಂದಲೇ ತರಿಸುತ್ತಿದ್ದದ್ದು. ಅಕ್ಕನ ಫೋನಿನಲ್ಲಿ ಅವಳ ಹೆಸರಿಗೊಂದು ಖಾತೆ ತೆರೆದುಕೊಟ್ಟ.

"ಅಕ್ಕ, ಒಂದು ಮಾತು ತಲೇಲಿ ಇಟ್ಕೊಳ್ಳಿ. ಇಲ್ಲಿ ಕೂಗಿದ್ರೆ ಕೊಂಡ ಹಾಗೆ. ಗೆದ್ದ ಮೇಲೆ ದುಡ್ಡು ಕಟ್ಲೇಬೇಕು."

ಅಕ್ಕ ತಲೆಯಾಡಿಸಿದಳು. ಅವಳು ಮೆಟ್ಟಿಲು ಹತ್ತಿದ ಅಂಗಡಿಗಳಲ್ಲೆಲ್ಲ ಚೌಕಾಸಿ ಇಲ್ಲ ಎಂಬ ಬೋರ್ಡು ತೂಗುತ್ತಿತ್ತು. ಆ ಬೋರ್ಡಿನ ಕೆಳಗೆ ನಿಂತೇ ಅವಳು ಇಷ್ಟು ವರ್ಷ ಸಂಸಾರ ನಡೆಸಿದ್ದಳು.

ಗಾಡಿಯೊಂದು ಹರಾಜಿಗೆ ಬಂತು. ಅಕ್ಕ ಕೂಗಿದಳು, ಗೆದ್ದಳು. ತಂಗಿ ಆಗಲೇ ಸೂಜಿಗಳ ಸಾಲನ್ನು ಒರೆಸಿ ಎಣ್ಣೆ ಬಿಟ್ಟಿದ್ದಳು. ಅಕ್ಕ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಸುಮ್ಮನೆ ಕೂತಳು. ದುಡ್ಡು ಕಟ್ಟಲ್ವಾ ಎಂದು ತಂಗಿ ಕೇಳಿದ್ದಕ್ಕೆ, ಕರೀಲಿ ತಾಳು ಎಂದಳು.

ಮಾರುವವನಿಂದ ಸಂದೇಶ ಬಂತು. ದಯವಿಟ್ಟು ಹಣ ಕಟ್ಟಿ ಎಂದಷ್ಟೇ ಇತ್ತು. ಇದು ಮೊದಲ ಕರೆ, ಅಕ್ಕ ಉತ್ತರಿಸಲಿಲ್ಲ. ಆಮೇಲೆ ಇನ್ನೊಂದು ಬಂತು. ಇದು ನಮ್ಮ ತಾಯಿ ಬಳಸುತ್ತಿದ್ದ ಮೆಷಿನ್ನಿನದು, ಅವರು ತೀರಿಕೊಂಡರು, ಮನೆ ಖಾಲಿ ಮಾಡುತ್ತಿದ್ದೇನೆ, ಹೊರಡುವ ಮುಂಚೆ ನಿಮಗೆ ಕಳಿಸಿಬಿಡಬೇಕು ಎಂದು ಬರೆದಿದ್ದ. ಅಕ್ಕ ಅದನ್ನು ಗಟ್ಟಿಯಾಗಿ ಓದಿ ಹೇಳಿ ನಕ್ಕಳು. ಹಳೇ ಸಾಮಾನಿನ ಬೀದಿಯಲ್ಲಿ ಪ್ರತಿ ಪಾತ್ರೆಯೂ ಸತ್ತ ತಾಯಿಯದೇ ಆಗಿರುತ್ತದೆ, ಒಬ್ಬೊಬ್ಬನಿಗೆ ನಾಲ್ಕು ನಾಲ್ಕು ತಾಯಂದಿರು ಎಂದಳು. ತಂಗಿಗೆ ನಗು ಬರಲಿಲ್ಲ. ನಿಜವಾಗಿಯೂ ಇದ್ದರೆ, ಎಂದಳು. ಇದ್ದರೆ ಇನ್ನೂ ಒಳ್ಳೇದು, ಬೇಗ ಇಳಿಸ್ತಾನೆ ಎಂದಳು ಅಕ್ಕ.

ಮೂರನೆಯ ಕರೆ ಬರಲಿಲ್ಲ. ಮಾರಾಟ ರದ್ದಾಗಿದೆ ಎಂಬ ಸೂಚನೆ ಬಂತು. ಗಾಡಿ ಅವಳಿಗಿಂತ ಸ್ವಲ್ಪ ಕಡಿಮೆ ಕೂಗಿದ್ದವರ ಪಾಲಾಯಿತು. ಗೆದ್ದೂ ಹಣ ಕಟ್ಟದ ಗಿರಾಕಿ ಎಂಬ ಗುರುತು ಅಕ್ಕನ ಖಾತೆಯ ಮೇಲೆ ಬಿತ್ತು. ಅವಳು ಅದನ್ನು ಓದಲೂ ಇಲ್ಲ. ಆ ಅಂಗಡಿ ಹೋದರೆ ಇನ್ನೊಂದು ಎಂದುಕೊಂಡಳು.

ಇನ್ನೊಂದೂ ಬಂತು. ಈ ಸಲ ಅವಳು ಸುಮ್ಮನೆ ಕಾಯದೆ, ಗೆದ್ದ ಮೇಲೆ ಮಾರುವವಳಿಗೆ ತಾನೇ ಬರೆದಳು: ಫೋಟೋದಲ್ಲಿ ಒಂದು ಗೀರು ಕಾಣುತ್ತದೆ, ಸ್ವಲ್ಪ ಬಿಟ್ಟುಕೊಟ್ಟರೆ ಈಗಲೇ ಕಟ್ಟುತ್ತೇನೆ. ಆಡಿದ ಮಾತಿಗೆ ನಿಲ್ಲದವರ ಜೊತೆ ನನಗೆ ವ್ಯಾಪಾರ ಬೇಡ ಎಂದು ಉತ್ತರ ಬಂತು. ಆ ಸಾಲನ್ನು ಅಕ್ಕ ತುಂಬಾ ಹೊತ್ತು ನೋಡಿದಳು. ಹಳೇ ಸಾಮಾನಿನ ಬೀದಿಯಲ್ಲಿ ಅವಳಿಗೆ ಜಿಪುಣಿ ಅಂದಿದ್ದರು, ಜಿಗಣೆ ಅಂದಿದ್ದರು. ಮಾತಿಗೆ ನಿಲ್ಲದವಳು ಎಂದು ಯಾರೂ ಅಂದಿರಲಿಲ್ಲ. ಕಟ್ಟಿಬಿಡೋಣ ಎಂದು ಮನಸ್ಸು ಮಾಡುವಷ್ಟರಲ್ಲಿ ಅದೂ ರದ್ದಾಗಿತ್ತು.

ಅಷ್ಟರಲ್ಲಿ ಗಾಳಿ ತಣ್ಣಗಾಗಿತ್ತು. ತಂಗಿ ಎರಡು ಕಡ್ಡಿ ಹಿಡಿದು ಕೈಯಲ್ಲೇ ಹೆಣೆಯಲು ಕೂತಳು. ಒಂದು ತೋಳು ಮುಗಿಯುವ ಹೊತ್ತಿಗೆ ಬೆರಳು ಮರಗಟ್ಟುತ್ತಿತ್ತು. ಶಾಲೆಯಿಂದ ಹೇಳಿಕಳಿಸಿದರು: ಈ ತಿಂಗಳು ಸ್ವೆಟರ್ ಬಾರದಿದ್ದರೆ ಫ್ಯಾಕ್ಟರಿಗೆ ಕೊಡುತ್ತೇವೆ.

ಮೂರನೆಯ ಗಾಡಿ ಬಂದಾಗ ಅಕ್ಕ ಪೂರ್ತಿ ಕೊಡಲು ಸಿದ್ಧಳಾಗಿದ್ದಳು, ಮೇಲೊಂದಿಷ್ಟು ಕೇಳಿದರೂ ಕೊಡುತ್ತಿದ್ದಳು. ಕೂಗಲು ಬೆರಳಿಟ್ಟಳು. ಹಣ ಕಟ್ಟದ ಗುರುತಿರುವವರಿಂದ ಈ ಮಾರಾಟಗಾರರು ಕೂಗು ಸ್ವೀಕರಿಸುವುದಿಲ್ಲ ಎಂದು ಬಂತು. ಮತ್ತೆ ಒತ್ತಿದಳು. ಮತ್ತೆ ಅದೇ. ಮೊದಲೇ ಕಟ್ಟುತ್ತೇನೆ ಎಂದು ಬರೆಯಲು ನೋಡಿದಳು, ಬರೆಯಲೂ ಬಿಡಲಿಲ್ಲ.

ಆಗ ತಂಗಿ ಮೆಟ್ಟಿಲಿಳಿದಳು. ಪಕ್ಕದ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು, ರಿಪೇರಿಯವನ ಅಂಗಡಿಯವರೆಗೂ ನಡೆದು ಹೋಗಿ ಕೇಳಿದಳು. ಅವಳು ಯಾರ ಹತ್ತಿರವೂ ಏನೂ ಕೇಳಿದವಳಲ್ಲ. ಅವನು ಮೊದಲು ತಲೆ ಕೆರೆದುಕೊಂಡ, ಆಮೇಲೆ ಅವಳ ಕಾಲು ನೋಡಿದ, ತನ್ನ ಖಾತೆಯಿಂದ ಕೂಗಲು ಒಪ್ಪಿದ.

ತನ್ನ ಅಂಗಡಿಯ ಕಂಪ್ಯೂಟರಿನಲ್ಲೇ ಕೂಗಿ, ತನ್ನ ಕಾರ್ಡಿನಿಂದಲೇ ಕಟ್ಟಿ, ಆಮೇಲೆ ಅಕ್ಕನಿಂದ ಹಣ ಪಡೆಯುವುದು ಅವನ ಯೋಚನೆ. ಹಿಂದೆಯೇ ಅಂಗಡಿಗೆ ಬಂದ ಅಕ್ಕ ಒಪ್ಪಲಿಲ್ಲ. ಒಂದು ನಿಮಿಷವೂ ತಡಮಾಡದೆ ತಾನು ಕಟ್ಟುವುದನ್ನು ತಂಗಿ ನೋಡಲಿ ಎಂದು ಅವಳಿಗಿತ್ತು.

"ನನ್ನ ಫೋನಲ್ಲೇ ಮಾಡು. ನನ್ನ ಕಾರ್ಡು, ನನ್ನ ವಿಳಾಸ. ಈ ಸಲ ನನ್ನ ಕೈಯಾರೆ ಕೊಡ್ತೀನಿ."

ಅವನು ಅವಳ ಫೋನಿನಲ್ಲಿ ತನ್ನ ಖಾತೆ ತೆರೆದ. ಕೂಗಿದ, ಗೆದ್ದ. ಅಕ್ಕ ಅಲ್ಲೇ, ನಿಂತಲ್ಲೇ, ಪೂರ್ತಿ ಹಣ ಕಟ್ಟಿದಳು. ಕಟ್ಟಿ ತಂಗಿಯ ಮುಖ ನೋಡಿದಳು. ಅಂತೂ ಹೆಸರು ಕೆಡಿಸಿಕೊಂಡೆಯಲ್ಲ ಅಕ್ಕ, ನಾಳೆ ಬೀದಿಯಲ್ಲಿ ಹೇಗೆ ತಲೆ ಎತ್ತುತ್ತೀಯ ಎಂದು ತಂಗಿ ಛೇಡಿಸಿದಳು. ರಿಪೇರಿಯವನು ಚಹಾ ತರಿಸಿದ. ಆ ವಾರ ಮನೆಯಲ್ಲಿ ಇಬ್ಬರೂ ನೂಲಿನ ಉಂಡೆ ಸುತ್ತಿ ಸುತ್ತಿ ಬುಟ್ಟಿ ತುಂಬಿದರು.

ಗಾಡಿ ಬರಲಿಲ್ಲ, ಹಣ ವಾಪಸು ಬಂತು. ತಡೆ ಬಿದ್ದ ಗಿರಾಕಿಯ ಫೋನಿನಿಂದ, ಅವಳದೇ ಕಾರ್ಡು, ವಿಳಾಸ ಬಳಸಿ, ಇನ್ನೊಂದು ಖಾತೆಯ ಮೂಲಕ ಕೊಂಡಿದ್ದು ತಿಳಿದುಬಂದಿದೆ ಎಂದು ಸೂಚನೆ ಹೇಳಿತು. ಎರಡೂ ಖಾತೆಗಳನ್ನು ಮುಚ್ಚಿದ್ದರು. ರಿಪೇರಿಯವನು ಮನವಿ ಬರೆದ. ಪರಿಶೀಲಿಸಿದ್ದೇವೆ, ತೀರ್ಮಾನ ಬದಲಾಗುವುದಿಲ್ಲ ಎಂದು ಬಂತು. ಇನ್ನೊಂದು ಬರೆದ. ಅಕ್ಷರವೂ ಬದಲಾಗದೆ ಅದೇ ಬಂತು.

ಒಂದು ಸಂಜೆ ಅವನು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತ. ಒಳಗೆ ಬಾ ಅಂದರೂ ಬರಲಿಲ್ಲ.

"ಬೈಯೋಣ ಅಂತ ಬಂದೆ ಅಕ್ಕ. ಮೆಟ್ಲು ಹತ್ತೋ ಅಷ್ಟರಲ್ಲಿ ಸಾಕಾಯ್ತು. ಇಷ್ಟು ವರ್ಷದಲ್ಲಿ ನನ್ನ ಹೆಸರಿಗೆ ಒಂದು ಚುಕ್ಕೆ ಬಿದ್ದಿರ್ಲಿಲ್ಲ. ಈಗ ಒಂದು ಸ್ಕ್ರೂ ಬೇಕಂದ್ರೂ ನಾನು ಎಲ್ಲಿಂದ ತರ್ಲಿ?"

"ಯಾರನ್ನ ಕೇಳ್ಬೇಕು ಹೇಳು. ನಾನೇ ಹೋಗಿ ಕಾಲು ಹಿಡೀತೀನಿ. ತಪ್ಪು ನಂದು ಅಂತೀನಿ."

"ಕಾಲು ಹಿಡಿಯೋಕೆ ಯಾರಾದ್ರೂ ಇರ್ಬೇಕಲ್ಲ ಅಕ್ಕ. ಅಲ್ಲಿ ಯಾರೂ ಇಲ್ಲ."

ಅವನು ಇಳಿದು ಹೋದ. ಅಕ್ಕ ಬಾಗಿಲು ಹಾಕುವುದನ್ನೂ ಮರೆತು ನಿಂತಿದ್ದಳು. ಮನುಷ್ಯನಾಗಿದ್ದರೆ ಬೈಯುತ್ತಿದ್ದ, ಮೇಜು ಕುಟ್ಟುತ್ತಿದ್ದ, ಕಡೆಗೆ ಪಾಪ ಅನ್ನುತ್ತಿದ್ದ. ಮನುಷ್ಯರ ಸಿಟ್ಟನ್ನು ಕರಗಿಸುವುದು ಅವಳಿಗೆ ಗೊತ್ತಿತ್ತು. ಇದಕ್ಕೆ ಸಿಟ್ಟೂ ಇರಲಿಲ್ಲ.

ತಂಗಿ ಕಡ್ಡಿಗಳನ್ನು ಮಡಿಲಲ್ಲಿಟ್ಟು, ಉಪ್ಪು ಎಲ್ಲಿಟ್ಟಿದ್ದೀಯ ಎಂದು ಕೇಳುವಷ್ಟೇ ಮೆಲ್ಲಗೆ ಹೇಳಿದಳು.

"ದುಡ್ಡು ಇತ್ತಲ್ಲ ಅಕ್ಕ. ಮೊದಲ್ನೇ ಸಲಾನೂ ಇತ್ತು."

ಅಕ್ಕನಿಗೆ ಕೊಡಲು ಮನಸ್ಸಿರಲಿಲ್ಲ ಎಂದಲ್ಲ. ಕೇಳಿದಷ್ಟನ್ನು ಕೇಳಿದ ಕೂಡಲೇ ಕೊಟ್ಟುಬಿಡಬಹುದು ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ. ಆ ಮಾತನ್ನು ತಂಗಿ ಮತ್ತೆಂದೂ ಆಡಲಿಲ್ಲ. ಆಡಿದ್ದರೆ ಜಗಳವಾದರೂ ಆಗುತ್ತಿತ್ತು.

ಶಾಲೆಯ ಸ್ವೆಟರು ಫ್ಯಾಕ್ಟರಿಗೆ ಹೋಯಿತು. ವಾಪಸು ಬಂದ ಹಣ ಬಾಡಿಗೆಗೂ ಅಕ್ಕಿಗೂ ಸ್ವಲ್ಪ ಸ್ವಲ್ಪವಾಗಿ ಕರಗಿತು. ಅಕ್ಕ ಎಲ್ಲಾದರೂ ಕೆಲಸಕ್ಕೆ ಸೇರುತ್ತೇನೆಂದು ಹೊರಟಳು. ಅವಳ ವಯಸ್ಸು ಕೇಳಿದವರು ಆಮೇಲೆ ಹೇಳುತ್ತೇವೆ ಎಂದರು. ತಂಗಿಯನ್ನು ಸಿದ್ಧ ಉಡುಪಿನ ಫ್ಯಾಕ್ಟರಿಯಲ್ಲಿ ತೆಗೆದುಕೊಂಡರು. ಬಟ್ಟೆಗಳು ಸಾಲಾಗಿ ಬರುತ್ತವೆ; ಗುಂಡಿ ಹಾಕುವ ಕಾಜಾಗಳು ಸರಿಯಾಗಿವೆಯೇ ಎಂದು ನೋಡಿ ಮುಂದಕ್ಕೆ ತಳ್ಳಬೇಕು. ಇಡೀ ದಿನ ನಿಂತೇ ಮಾಡುವ ಕೆಲಸ.

ಈಗ ಬೆಳಿಗ್ಗೆ ಅವಳು ಇಳಿದು ಹೋಗುವ ಸದ್ದು ಮುಗಿಯುವವರೆಗೂ ಅಕ್ಕ ಮೆಟ್ಟಿಲ ಮೇಲೆ ನಿಂತಿರುತ್ತಾಳೆ. ಸಂಜೆ ಬಿಸಿನೀರು ಕಾಯಿಸಿ ಬಕೆಟ್ಟಿಗೆ ಸುರಿದು, ತಂಗಿಯ ಎರಡೂ ಕಾಲನ್ನು ಅದರಲ್ಲಿಳಿಸಿ, ಮುಂದೆ ಕೂತು ಮೀನಖಂಡ ತಿಕ್ಕುತ್ತಾಳೆ. ಸೊರಗಿದ ಕಾಲು ಈಗ ಊದಿಕೊಂಡು ಇನ್ನೊಂದರಷ್ಟೇ ದಪ್ಪ ಕಾಣುತ್ತದೆ. ನೋಡು, ಕಡೆಗೂ ಜೋಡಿಯಾಯಿತು ಎಂದು ಮೊದಲ ವಾರ ತಂಗಿ ನಗಿಸಲು ನೋಡಿದ್ದಳು.

"ಕೂರೋಕೆ ಒಂದು ಸ್ಟೂಲ್ ಕೇಳೇ," ಎಂದಳು ಅಕ್ಕ ಒಂದು ದಿನ.

"ಕೇಳ್ದೆ."

"ಏನಂದ್ರು?"

"ಏನೂ ಅನ್ಲಿಲ್ಲ."

ಅಕ್ಕ ನೀರಿನಲ್ಲಿ ಕೈ ಅದ್ದಿ ನೋಡಿದಳು. ಆರಿತ್ತು. ಇನ್ನೊಂದಿಷ್ಟು ಕಾಯಿಸಿ ತರಲು ಎದ್ದಳು. ತಂಗಿ ಗೋಡೆಗೊರಗಿ, ಕಾಲನ್ನು ಬಕೆಟ್ಟಿನಲ್ಲಿ ಹಾಗೇ ಬಿಟ್ಟು, ನಿದ್ದೆಹೋಗಿದ್ದಳು.